ಡಬ್ಬ ಬಡಿದ ಕೈ

ಸಂತೆಯಲ್ಲಿ ನವಣೆ ಕೇಳಿದರೆ ಅಂಗಡಿಯವನು ಮೊದಲು ಮುಖ ನೋಡುತ್ತಾನೆ, ಆಮೇಲೆ ಹೊಟ್ಟೆ ನೋಡುತ್ತಾನೆ, ಕೊನೆಗೆ ದನಿ ತಗ್ಗಿಸಿ, "ಶುಗರಾ ಸಾರ್?" ಅನ್ನುತ್ತಾನೆ.

"ನನಗಲ್ಲಪ್ಪ, ಹಕ್ಕಿಗೆ."

"ಅಯ್ಯೋ, ಹಕ್ಕಿಗೂ ಬಂತಾ!"

ಅವನದೇನೂ ತಪ್ಪಿಲ್ಲ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷ ಅಂತ ಸಾರಿದ್ದೇ ತಡ, ಬಡವರ ಗಡಿಗೆಯಲ್ಲಿದ್ದ ನವಣೆ, ಸಾಮೆ, ಹಾರಕಗಳೆಲ್ಲ ಡಾಕ್ಟರ ಚೀಟಿಗೆ ಬಡ್ತಿ ಪಡೆದವು. ಕೊಡಗಿನಲ್ಲಿ ಹುಟ್ಟಿದ ನಮಗಂತೂ ಅವು ಘಟ್ಟದಾಚೆಯ ದೂರದ ನೆಂಟರು. ನಮಗೆ ಧಾನ್ಯ ಅಂದರೆ ಅಕ್ಕಿ. ಬೆಳಿಗ್ಗೆ ಅಕ್ಕಿರೊಟ್ಟಿ, ಮಧ್ಯಾಹ್ನ ಅನ್ನ, ನೆಂಟರು ಬಂದರೆ ನೂಪುಟ್ಟು, ಹಬ್ಬ ಬಂದರೆ ಕಡಂಬುಟ್ಟು. ಅರವತ್ತಾರು ವರ್ಷ ಅಕ್ಕಿಯೊಂದನ್ನೇ ನಂಬಿ ಬಂದ ನಾನು ಚೀಲ ಹಿಡಿದು ನವಣೆಯ ಮುಂದೆ ನಿಂತದ್ದು ರಾಟವಾಳಗಳ ದೆಸೆಯಿಂದ. ಅದೂ ಸಿಪ್ಪೆ ತೆಗೆಯದ ನವಣೆಯೇ ಆಗಬೇಕು. ಸುಲಿದಿಟ್ಟದ್ದನ್ನು ನುಂಗುವುದು ನಮ್ಮ ಜಾತಿ. ರಾಟವಾಳ ಒಂದೊಂದೇ ಕಾಳನ್ನು ಕೊಕ್ಕಿನಲ್ಲಿ ಹೊರಳಿಸಿ, ಸಿಪ್ಪೆ ಉಗುಳಿ, ತಿರುಳನ್ನಷ್ಟೇ ಒಳಗೆ ಬಿಟ್ಟುಕೊಳ್ಳುತ್ತದೆ. ಆ ಗಿಡ್ಡ ದಪ್ಪ ಕೊಕ್ಕು ಅದರ ಸ್ವಂತ ಅಕ್ಕಿ ಗಿರಣಿ.

ರಾಟವಾಳ ಅಂದರೆ ಪುಸ್ತಕದವರ ಮುನಿಯ. ಗುಬ್ಬಿಗಿಂತ ಚಿಕ್ಕದು, ಒಂಟಿಯಾಗಿ ಒಂದೂ ಬರುವುದಿಲ್ಲ, ಬಂದರೆ ಮದುವೆ ದಿಬ್ಬಣದ ಹಾಗೆ ಬರುತ್ತವೆ. ಎದೆಯ ಮೇಲೆ ಮೀನಿನ ಹುರುಪೆಯಂಥ ಗೆರೆಗಳಿರುವುದು ಚುಕ್ಕೆ ರಾಟವಾಳ. ಹಾರುವಾಗ ಬೆನ್ನಿನ ಕೊನೆಯಲ್ಲಿ ಬಿಳಿ ಕರ್ಚೀಫು ಕಾಣಿಸುವುದು ಇನ್ನೊಂದು. ಮೂರನೆಯದು ಕಪ್ಪು ಗಂಟಲಿನದು. ನಮ್ಮ ಘಟ್ಟಸಾಲು, ಪೂರ್ವದ ಕೆಲವು ಬೆಟ್ಟ, ಆಮೇಲೆ ಶ್ರೀಲಂಕಾ ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಇಲ್ಲದ್ದು. ಇದರ ಶಾಸ್ತ್ರೀಯ ಹೆಸರಿನೊಳಗೆ ಇಬ್ಬರು ವೈದ್ಯರು ಕೂತಿದ್ದಾರೆ. ಒಬ್ಬ ಸಿಂಹಳದ ಕೆಲಾರ್ಟ್. ಇನ್ನೊಬ್ಬ ಮದ್ರಾಸ್ ಸೇನೆಯ ಸರ್ಜನ್ ಜರ್ಡನ್, ನಮ್ಮ ಘಟ್ಟದ ಬುಡದಲ್ಲೇ ಇರುವ ತಲಶ್ಶೇರಿಯಲ್ಲಿ ಕೆಲಸ ಮಾಡಿದವನು. ಜರ್ಡನ್ನನ ಹೆಸರನ್ನು ಈ ಹಕ್ಕಿಗೆ ಅಂಟಿಸಿದವನು ಹ್ಯೂಮ್. 1885ರಲ್ಲಿ ಕಾಂಗ್ರೆಸ್ ಕಟ್ಟಲು ಓಡಾಡಿದ ಅದೇ ಹ್ಯೂಮ್. ಒಂದು ಹಿಡಿಗೂ ಸಾಲದ ಹಕ್ಕಿಯ ಮೇಲೆ ಇಷ್ಟೊಂದು ದೊಡ್ಡವರ ಭಾರ.

ನಮ್ಮ ಅಜ್ಜ ಅವಕ್ಕೆಲ್ಲ ಸೇರಿಸಿ ಇಟ್ಟಿದ್ದ ಹೆಸರು ಒಂದೇ: ಕಳ್ಳರು.

ನಮ್ಮ ಮನೆ ನಾಪೋಕ್ಲು ಕಡೆಯದು. ಮೇಲೆ ಕಾಫಿ, ಕೆಳಗೆ ಗದ್ದೆ, ನಡುವೆ ಮನೆ. ಹಿಂದೆ ಗದ್ದೆಗೇ ಮರ್ಯಾದೆ. ಅದಕ್ಕೆ ಸೊಪ್ಪು, ದನಕ್ಕೆ ಮೇವು, ಒಲೆಗೆ ಸೌದೆ ಒದಗಿಸಲೆಂದು ಜೊತೆಗೆ ಬಾಣೆ ಭೂಮಿಯನ್ನು ಸೇರಿಸಿ ಕೊಡುತ್ತಿದ್ದರು. ಬಾಣೆ ಗದ್ದೆಯ ಆಳು. 1854ರಲ್ಲಿ ಫೌಲರ್ ಎಂಬ ಇಂಗ್ಲಿಷಿನವನು ಮಡಿಕೇರಿಯಲ್ಲಿ ಕಾಫಿ ತೋಟ ತೆರೆದ. ಆಮೇಲಿನ ನೂರೈವತ್ತು ವರ್ಷದಲ್ಲಿ ಬಾಣೆಗೂ ಕಾಫಿ ಏರಿ, ಆಳು ನಿಧಾನವಾಗಿ ಯಜಮಾನನಾದ. ನಾನು ಹುಡುಗನಾಗಿದ್ದಾಗ ಇಬ್ಬರೂ ಸರಿಸಮ ಇದ್ದರು ಅಂತ ಇಟ್ಟುಕೊಳ್ಳಿ. ಅಪ್ಪ ಕಾಫಿಯ ಕಡೆ, ಅಜ್ಜ ಗದ್ದೆಯ ಕಡೆ, ಅವ್ವ ಇಬ್ಬರಿಗೂ ಊಟ ಬಡಿಸುವ ಕಡೆ.

ಭತ್ತ ಹಾಲು ಕಟ್ಟುವ ಹೊತ್ತಿಗೆ ರಾಟವಾಳಗಳು ಇಳಿಯುತ್ತಿದ್ದವು. ಬಲಿತ ಕಾಳು ತಿಂದರೆ ಅಜ್ಜನಿಗೆ ಅಷ್ಟು ಸಿಟ್ಟಿಲ್ಲ. ಹಾಲುಗಾಳನ್ನು ಹಿಂಡಿ ಕುಡಿದು, ತೆನೆಯನ್ನು ಬೆಳ್ಳಗೆ ಜೊಳ್ಳು ಮಾಡಿ ಹೋಗುತ್ತವಲ್ಲ, ಅದನ್ನು ಅವರು ಮಗುವಿನ ಬಾಯಿಂದ ಲೋಟ ಕಿತ್ತ ಪಾಪ ಅನ್ನುತ್ತಿದ್ದರು. ಆದ್ದರಿಂದ ಮನೆಯ ಮೊಮ್ಮಗನಾದ ನನ್ನನ್ನು ಸೇನಾಪತಿಯಾಗಿ ನೇಮಿಸಿದರು. ಆಯುಧ: ಒಂದು ಡಾಲ್ಡಾ ಡಬ್ಬ, ಒಂದು ಪೇರಳೆ ಕೋಲು. ಸಂಬಳ: ದಿನಕ್ಕೆ ಹತ್ತು ಪೈಸೆ, ಹಬ್ಬದಲ್ಲಿ ಒಟ್ಟಿಗೆ. ಕೆಲಸದ ಹೊತ್ತು: ಶಾಲೆಗೆ ಮುಂಚೆ ಒಮ್ಮೆ, ಶಾಲೆ ಬಿಟ್ಟ ಮೇಲೆ ಕತ್ತಲಾಗುವವರೆಗೆ. ಹಕ್ಕಿಗಳದ್ದೂ ಅದೇ ವೇಳಾಪಟ್ಟಿ. ನಡುಹಗಲಲ್ಲಿ ಅವೂ ಎಲ್ಲೋ ಪಾಠ ಕೇಳುತ್ತಿದ್ದವು ಅಂತ ಕಾಣುತ್ತದೆ.

ಮನೆಯಲ್ಲಿ ಕೋವಿ ಇರಲಿಲ್ಲವೇ ಅಂತ ಕೇಳಬೇಡಿ. ಕೊಡಗಿನಲ್ಲಿ ಕೋವಿಯಿಲ್ಲದ ಮನೆಯನ್ನು ಹುಡುಕುವುದು ಮಾಡಿಲ್ಲದ ಮನೆಯನ್ನು ಹುಡುಕಿದಂತೆ. ವರ್ಷಕ್ಕೊಮ್ಮೆ ಕೈಲ್‌ಪೊಳ್ದ್‌ನಲ್ಲಿ ಅದಕ್ಕೆ ಹೂ ಮುಡಿಸಿ ಪೂಜೆ ಮಾಡುವ ಮನೆ ನಮ್ಮದು. ಒಂದು ಸಂಜೆ ನಾನು ಧೈರ್ಯ ಮಾಡಿ, "ಅಜ್ಜ, ಕೋವಿ ಕೊಡಿ, ಒಂದೇ ಏಟಿಗೆ ಇಪ್ಪತ್ತು ಬೀಳುತ್ತವೆ" ಅಂದೆ. ಅಜ್ಜ ಮೀಸೆಯಲ್ಲೇ ಲೆಕ್ಕ ಹಾಕಿದರು. "ಇಪ್ಪತ್ತನ್ನೂ ಸೇರಿಸಿದರೆ ತೋಟಾದ ದುಡ್ಡು ಹುಟ್ಟುವುದಿಲ್ಲ. ಡಬ್ಬ ಬಡಿ."

ಮುಂಬಯಿಯಲ್ಲಿ ಸಲೀಂ ಅಲಿಗೆ ಹುಡುಗನಾಗಿದ್ದಾಗ ಸೋದರಮಾವ ಏರ್‌ಗನ್ ಕೊಡಿಸಿದ್ದರು. 1908ರಲ್ಲಿ ಅದರಿಂದ ಕತ್ತಿನಲ್ಲಿ ಹಳದಿ ಮಚ್ಚೆಯಿದ್ದ ಒಂದು ಗುಬ್ಬಿ ಬಿತ್ತು. ಅದು ಯಾವ ಜಾತಿ ಎಂದು ಕೇಳಲು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದ ಹುಡುಗ ಮುಂದೆ ದೇಶದ ಪಕ್ಷಿಶಾಸ್ತ್ರವೇ ಆಗಿಬಿಟ್ಟರು. ಈ ಕತೆ ಓದಿದಾಗಲೆಲ್ಲ ನನಗೆ ಅಜ್ಜನ ಮೇಲೆ ಸಣ್ಣ ಮುನಿಸು. ಅವರು ಕೋವಿ ಕೊಟ್ಟಿದ್ದರೆ ನಾನೂ ಪಕ್ಷಿತಜ್ಞನಾಗುತ್ತಿದ್ದೆನೋ ಏನೋ. ಡಬ್ಬ ಕೊಟ್ಟರು, ಬ್ಯಾಂಕ್ ನೌಕರನಾದೆ.

ಆದರೆ ಡಬ್ಬ ಬಡಿಯುವುದರಲ್ಲಿ ನಾನು ಪಂಡಿತನಾಗಿದ್ದೆ. ಸುಮ್ಮನೆ ಬಡಿದರೆ ಮೂರೇ ದಿನಕ್ಕೆ ಹಕ್ಕಿಗಳಿಗೆ ಸದ್ದು ಒಗ್ಗಿಬಿಡುತ್ತದೆ. ತಾಳ ತಪ್ಪಿಸಿ ಬಡಿಯಬೇಕು. ಎರಡು ಏಟು, ಒಂದು ತಡೆ, ಆಮೇಲೆ ಹೊಟ್ಟೆಯಿಂದ "ಹೋ…" ಅಂತ ಕೂಗು. ಆ ಕೂಗಿಗೆ ಗದ್ದೆಯಿಂದ ಮುನ್ನೂರು ಹಕ್ಕಿ ಒಂದೇ ಕಂಬಳಿಯ ಹಾಗೆ ಎದ್ದು, ಗಾಳಿಯಲ್ಲಿ ಒಮ್ಮೆ ಮಡಿಚಿಕೊಂಡು, ಪಕ್ಕದ ಗದ್ದೆಯ ಮೇಲೆ ಹಾಸಿಕೊಳ್ಳುತ್ತಿತ್ತು. ಪಕ್ಕದ ಗದ್ದೆಯಲ್ಲಿ ಇನ್ನೊಬ್ಬ ಮೊಮ್ಮಗ, ಇನ್ನೊಂದು ಡಬ್ಬ. ಅವನು ಬಡಿದರೆ ಕಂಬಳಿ ನನ್ನ ಕಡೆಗೆ. ಹೀಗೆ ನಾವಿಬ್ಬರೂ ಎರಡು ತಿಂಗಳು ಒಂದೇ ಕಂಬಳಿಯನ್ನು ಕೊಡವಿ ಕೊಡವಿ ಪರಸ್ಪರ ಎಸೆಯುತ್ತಿದ್ದೆವು. ಕೊಯ್ಲಾದ ಮೇಲೆ ನೋಡಿದರೆ ಇಬ್ಬರ ಗದ್ದೆಯಲ್ಲೂ ಜೊಳ್ಳು ಒಂದೇ ಸಮ.

ಬೆಂಗಳೂರಿನಲ್ಲಿ ಮೂವತ್ತೈದು ವರ್ಷ ಪರರ ದುಡ್ಡು ಎಣಿಸಿ ಊರಿಗೆ ಮರಳಿದಾಗ ಗದ್ದೆ ಬೀಳುಬಿದ್ದಿತ್ತು. ಒಬ್ಬರನ್ನು ದೂರಿ ಪ್ರಯೋಜನವಿಲ್ಲ. ನಾಟಿಗೆ ಆಳಿಲ್ಲ, ಆಳಿದ್ದರೆ ಕೂಲಿಗೂ ಭತ್ತದ ಬೆಲೆಗೂ ತಾಳೆಯಿಲ್ಲ, ಎಲ್ಲ ತಾಳೆಯಾದ ವರ್ಷ ಆನೆ ಬಂದು ಕೊಯ್ಲು ಮುಗಿಸಿ ಹೋಗುತ್ತಿತ್ತಂತೆ. 2018ರ ಆಗಸ್ಟಿನ ಮಳೆ ಹೊಳೆಯ ಮರಳನ್ನು ತಂದು ಕೆಳಗಿನ ಎರಡು ಮಡಿಗಳಲ್ಲಿ ಸುರಿದ ಮೇಲೆ ತಮ್ಮನೂ ಕೈ ತೊಳೆದುಕೊಂಡ. ಮೊದಲ ಒಂದೆರಡು ವರ್ಷ ಬೀಳುಗದ್ದೆಯಲ್ಲಿ ಹುಲ್ಲು ಸೊಂಟದ ತನಕ ಬೆಳೆದು ಬೀಜ ಕಟ್ಟಿತು. ರಾಟವಾಳಗಳಿಗೆ ಆಗ ಸುಗ್ಗಿ, ಡಬ್ಬವಿಲ್ಲದ ಸುಗ್ಗಿ. ಆಮೇಲೆ ಹುಲ್ಲಿನ ಮೇಲೆ ಪೊದೆ ಬಂತು, ಪೊದೆಯ ಮೇಲೆ ಬಳ್ಳಿ ಬಂತು. ಆಚೆಯ ಗದ್ದೆಗೆ ಮಣ್ಣು ತುಂಬಿ ಅಡಕೆ ಸಸಿ ನೆಟ್ಟರು. ಇನ್ನೊಂದರಲ್ಲಿ ನೀಲಿ ಬಣ್ಣದ ಈಜುಕೊಳ ಬಂತು. ವಾರಾಂತ್ಯದಲ್ಲಿ ಅಲ್ಲಿಂದ "ಹೋ…" ಅನ್ನುವ ಕೂಗು ಕೇಳುತ್ತದೆ, ಆದರೆ ಅದು ಹಕ್ಕಿ ಓಡಿಸುವುದಕ್ಕಲ್ಲ. ನೀರು ನಿಂತ ಗದ್ದೆಯ ಹಸಿರು ಪಾಚಿಯನ್ನೂ ಬಿಳಿ ಬೆನ್ನಿನ ರಾಟವಾಳಗಳು ತಿನ್ನುತ್ತವೆ ಎಂಬುದನ್ನು ನಾನು ಓದಿ ತಿಳಿದದ್ದು ಪಾಚಿಯೂ ಹೋದ ಮೇಲೆ.

ಒಂದು ನವೆಂಬರ್ ಸಂಜೆ ಜಗುಲಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದಾಗ ಏನೋ ಕಡಿಮೆಯಾಗಿದೆ ಅನ್ನಿಸಿತು. ಸಕ್ಕರೆಯೇ ಇರಬೇಕು ಅಂತ ಇನ್ನೊಂದು ಚಮಚ ಹಾಕಿಕೊಂಡೆ. ಅದಲ್ಲ. ಕೈ ತನ್ನಷ್ಟಕ್ಕೆ ಕುರ್ಚಿಯ ತೋಳಿನ ಮೇಲೆ ಎರಡು ಏಟು, ಒಂದು ತಡೆ ಹಾಕುತ್ತಿತ್ತು. ಎದುರಿಗೆ ಏಳಲು ಕಂಬಳಿಯೇ ಇರಲಿಲ್ಲ.

ಮಾರನೆಯ ವಾರ ಫೀಡರ್ ಬಂತು. ಪಾರದರ್ಶಕ ಕೊಳವೆ, ಸುತ್ತ ಆರು ತೂತು, ತೂತಿಗೊಂದು ಕೂರುವ ಕಡ್ಡಿ, ಮೇಲೆ ಟೋಪಿ. ಜೊತೆಗೆ ಬಂದ ಚೀಟಿಯಲ್ಲಿ ಫಿಂಚ್ ಹಕ್ಕಿಗಳು "ಕೆಲವೇ ದಿನಗಳಲ್ಲಿ" ಬರುತ್ತವೆ ಎಂಬ ಭರವಸೆ ಇತ್ತು. ಇಂಗ್ಲಿಷಿನವರಿಗೆ ಕಾಳು ತಿನ್ನುವ ಪುಟ್ಟ ಹಕ್ಕಿಗಳೆಲ್ಲ ಫಿಂಚೇ. ನಿಜವಾದ ಫಿಂಚ್ ಕುಲದ್ದು ಅಂತ ನಮ್ಮ ಕಡೆಗೆ ಚಳಿಗಾಲದಲ್ಲಿ ಬರುವುದು ರೋಸ್ ಫಿಂಚ್, ಅದೂ ಕೃಪೆ ಮಾಡಿದರೆ. ರಾಟವಾಳ ಬೇರೆಯೇ ಮನೆತನ. ಇರಲಿ, ಚೀಟಿ ಬರೆದವನಿಗೆ ನಮ್ಮ ಒಕ್ಕಗಳ ವಿಚಾರ ಏನು ಗೊತ್ತು. ಮನೆಗೊಂದು ಹೋಂಸ್ಟೇ ಇರುವ ಜಿಲ್ಲೆಯಲ್ಲಿ ನಾನೂ ಒಂದು ತೆರೆದೆ. ಉಚಿತ ಉಪಾಹಾರ, ಗದ್ದೆಯ ನೋಟ.

ಮೊದಲ ಅತಿಥಿ ಅಳಿಲು. ಅದು ಕಡ್ಡಿಯ ಮೇಲೆ ಕೂರುವ ಶಿಷ್ಟಾಚಾರಕ್ಕೆ ಹೋಗದೆ ಟೋಪಿಯನ್ನೇ ಎತ್ತಿ ತಲೆಕೆಳಗಾಗಿ ಒಳಗಿಳಿಯಿತು. ಹೊರಬರಲು ಬಾರದೆ ಕೊಳವೆಯಲ್ಲಿ ಉಪ್ಪಿನಕಾಯಿಯ ಹಾಗೆ ಸಿಕ್ಕಿಕೊಂಡಿದ್ದನ್ನು ಹೆಂಡತಿ ಕಂಡು, ಫೀಡರನ್ನು ಬೋರಲು ಹಾಕಿ ಬಿಡಿಸಿದಳು. ಬಿಟ್ಟ ಅಳಿಲು ಎರಡು ಅಡಿ ಓಡಿ, ತಿರುಗಿ ನಿಂತು, ನಮಗೇ ಬೈದು ಹೋಯಿತು. ಪಿಕಳಾರಗಳು ದಿನವೂ ಬಂದು ಪರಿಶೀಲಿಸಿ, ಹಣ್ಣಿಲ್ಲದ ಹೋಟೆಲಿನ ಮೇಲೆ ಷರಾ ಬರೆದು ಹೊರಟುಹೋಗುತ್ತಿದ್ದವು. ರಾತ್ರಿ ಪಾಳಿಗೆ ಇಲಿಗಳು. ಇಲಿಗಳ ವಾಸನೆಗೆ ಒಂದು ಕೇರೆಹಾವು ಬಂದು ಸ್ನಾನದ ಮನೆಯ ಸಂದಿಯಲ್ಲಿ ತಿಂಗಳ ಬಾಡಿಗೆಗೆ ನಿಂತಿತು. ಇದನ್ನೆಲ್ಲ ಬೇಲಿಯಾಚೆಯಿಂದ ನೋಡುತ್ತಿದ್ದ ನೆರೆಯವರು ಒಂದು ದಿನ, "ಕಾಳು ಹಾಕುವುದು ಹಾಕು. ಆದರೆ ಹಲಸಿನ ಮರದ ಕಡೆ ಹಾಕಬೇಡ. ಆನೆಗೂ ಅಕ್ಷರ ಬರುತ್ತದೆ, ಬೋರ್ಡು ಓದುತ್ತದೆ" ಅಂದರು.

ರಾಟವಾಳಗಳು? ಬರುತ್ತಿದ್ದವು. ನಾಲ್ಕೈದು ಒಟ್ಟಿಗೆ ಬಂದು ತಂತಿಯ ಮೇಲೆ ಒತ್ತೊತ್ತಾಗಿ ಕೂತು, ನನ್ನ ಕೊಳವೆಯನ್ನೂ ನನ್ನನ್ನೂ ಹತ್ತು ನಿಮಿಷ ನೋಡಿ, ಕೆಳಗಿಳಿದು ಅಂಗಳದ ಮೂಲೆಯಲ್ಲಿ ತಾನಾಗಿ ಬೆಳೆದ ಹುಲ್ಲಿನ ತೆನೆ ತಿಂದು ಹೋಗುತ್ತಿದ್ದವು. ಹುಲ್ಲಿನ ಕಡ್ಡಿ ಭಾರಕ್ಕೆ ಬಾಗಿದಷ್ಟೂ ಅವಕ್ಕೆ ಖುಷಿ. ಹೆಂಡತಿ ಪ್ರತಿ ಶನಿವಾರ ಅಂಗಳದ ಹುಲ್ಲು ಕೀಳಿಸುವವಳು. ಈಗ ಆ ಮೂಲೆ ಬಿಡಬೇಕು ಅಂತ ನಾನು, ಹಾವು ಸೇರುತ್ತದೆ ಅಂತ ಅವಳು, ಹಾವು ಆಗಲೇ ಸೇರಿದೆಯಲ್ಲ ಅಂತ ನಾನು. ಹೀಗೆ ಮೂಲೆ ಉಳಿಯಿತು.

ಬಹಳ ಹೊತ್ತು ಕದಲದೆ ಕೂತರೆ ಅವು ಹಾಡುವುದೂ ಕಾಣುತ್ತದೆ. ಕೇಳುತ್ತದೆ ಅನ್ನಲಿಲ್ಲ ನಾನು. ಚುಕ್ಕೆ ರಾಟವಾಳ ಕತ್ತು ಚಾಚಿ, ಎದೆಯ ಗರಿ ಉಬ್ಬಿಸಿ, ಕೊಕ್ಕು ಆಡಿಸುತ್ತದೆ. ಆ ಹಾಡು ಎಷ್ಟು ಮೆಲ್ಲಗೆ ಎಂದರೆ ಮೂರು ಮಾರು ದೂರದ ನಮಗೆ ಬರೀ ಬಾಯಾಟ. ಪಕ್ಕದಲ್ಲಿ ಕೂತದ್ದು ಮಾತ್ರ ತಲೆ ವಾಲಿಸಿ ಕೇಳಿಸಿಕೊಳ್ಳುತ್ತಿರುತ್ತದೆ. ಬಿಳಿ ಬೆನ್ನಿನ ರಾಟವಾಳವನ್ನು ಜಪಾನಿನವರು ಇನ್ನೂರಕ್ಕೂ ಹೆಚ್ಚು ವರ್ಷ ಪಂಜರದಲ್ಲಿ ಸಾಕಿ ಹೊಸದೊಂದು ಸಾಕುಹಕ್ಕಿ ಮಾಡಿದ್ದಾರೆ. ಬಂಗಾಳಕ್ಕೆ ಸಂಬಂಧವೇ ಇಲ್ಲದ ಅದಕ್ಕೆ ಬೆಂಗಾಲೀಸ್ ಫಿಂಚ್ ಎಂದು ಹೆಸರು. ಒಕಾನೊಯ ಎಂಬ ವಿಜ್ಞಾನಿ ಕಂಡುಕೊಂಡ ಪ್ರಕಾರ, ಕಾಡಿನದಕ್ಕಿಂತ ಈ ಪಂಜರದ ಹಕ್ಕಿಯ ಹಾಡೇ ಹೆಚ್ಚು ಜಟಿಲ. ಹೊಟ್ಟೆಯ ಚಿಂತೆ, ಹದ್ದಿನ ಚಿಂತೆ ಇಲ್ಲದ ಕಡೆ ರಾಗಾಲಾಪನೆ ಬೆಳೆಯುತ್ತದೆ ಅಂತ ಕಾಣುತ್ತದೆ. ನಾನೂ ನಿವೃತ್ತನಾದ ಮೇಲೆಯೇ ಪ್ರಬಂಧ ಬರೆಯಲು ಶುರು ಮಾಡಿದ್ದು.

ಜೂನ್ ಬಂತು. ನಮ್ಮಲ್ಲಿ ಮಳೆಯನ್ನು ಮಿಲಿಮೀಟರಿನಲ್ಲಿ ಹೇಳಿದರೆ ಯಾರಿಗೂ ನೆನೆದಂತಾಗುವುದಿಲ್ಲ. ಇಂಚು, ಸೆಂಟಿನಲ್ಲೇ ಹೇಳಬೇಕು. ತೋಟವಿರುವ ಪ್ರತಿ ಮನೆಯಲ್ಲೂ ಮಳೆಮಾಪಕ, ಅದರ ಪಕ್ಕದಲ್ಲಿ ಪುಸ್ತಕ, ಬೆಳಗಾದರೆ ಫೋನಿನಲ್ಲಿ "ನಿಮ್ಮಲ್ಲೆಷ್ಟು?" ಒಂದು ಬೆಳಿಗ್ಗೆ ಐದು ಇಂಚು ನಲವತ್ತು ಸೆಂಟು. ಫೀಡರಿನಲ್ಲಿ ಅಷ್ಟೇ ಅಲ್ಲ, ಇನ್ನೂ ಹೆಚ್ಚು. ನಾಲ್ಕನೆಯ ದಿನ ನವಣೆ ಮೊಳಕೆಯೊಡೆದು ಆರೂ ತೂತುಗಳಿಂದ ಹಸಿರು ನಾಲಿಗೆ ಚಾಚಿತು. ನಾಪೋಕ್ಲಿನ ಇತಿಹಾಸದಲ್ಲಿ ನೇತಾಡುವ ಸಸಿಮಡಿ ಮಾಡಿದ ಮೊದಲ ರೈತ ನಾನೇ ಇರಬೇಕು. ತಮ್ಮ ನೋಡಿ, "ಕೊನೆಗೂ ಮನೆಯಲ್ಲಿ ಒಬ್ಬರು ಬೇಸಾಯಕ್ಕೆ ಇಳಿದರಲ್ಲ" ಅಂದ.

ಅದೇ ಹೊತ್ತಿಗೆ ಮಗಳ ಫೋಟೊ ಬಂತು. ಅವಳಿರುವುದು ದಕ್ಷಿಣ ಕ್ಯಾಲಿಫೋರ್ನಿಯದಲ್ಲಿ. ಅಂಗೈ ಅಗಲದ ಹಿತ್ತಲು, ಅದರಲ್ಲೊಂದು ನಿಂಬೆ ಗಿಡ, ಅದಕ್ಕೆ ಥೇಟ್ ನನ್ನದೇ ನಮೂನೆಯ ಫೀಡರ್. ಆರು ಕಡ್ಡಿಗೂ ಹಕ್ಕಿ. ಕನ್ನಡಕ ಒರೆಸಿ ನೋಡಿದೆ. ಎದೆಯ ಮೇಲೆ ಮೀನಿನ ಹುರುಪೆ.

"ಅಪ್ಪ, ಇಲ್ಲಿ ಇವನ್ನು ಸ್ಪೈಸ್ ಫಿಂಚ್ ಅಂತಾರೆ. ಜಾಯಿಕಾಯಿ ಹೆಸರಿನಲ್ಲೂ ಕರೀತಾರೆ. ಪಂಜರದಿಂದ ತಪ್ಪಿಸಿಕೊಂಡು ಇಲ್ಲೇ ಸಂಸಾರ ಹೂಡಿದ್ದಂತೆ."

ಏಲಕ್ಕಿ, ಮೆಣಸು ಬೆಳೆಯುವ ನಮ್ಮ ಬಾಯಲ್ಲಿ ಕಳ್ಳರು. ಅಲ್ಲಿಗೆ ಹೋದದ್ದೇ ಸಾಂಬಾರ ಹಕ್ಕಿ. ಅನಿವಾಸಿಗಳಿಗೆ ಸಿಗುವ ಮರ್ಯಾದೆ ಮನೆಯಲ್ಲಿದ್ದವರಿಗೆ ಎಲ್ಲಿ.

"ಏನು ಹಾಕ್ತೀಯ?" ಕೇಳಿದೆ, ಆದಷ್ಟು ಉದಾಸೀನದಿಂದ.

ಅವಳು ಪೊಟ್ಟಣ ತೋರಿಸಿದಳು. ನೈಜರ್ ಎಂದು ಬರೆದಿತ್ತು. ಒಳಗೆ ಕಪ್ಪಗೆ, ಸಣ್ಣಗೆ, ಮಿರಿಮಿರಿ: ಹುಚ್ಚೆಳ್ಳು! ಮೈಸೂರು ಸೀಮೆಯವರು ಚಟ್ನಿಪುಡಿ ಮಾಡುವ, ಧಾರವಾಡದವರು ಗುರೆಳ್ಳು ಅನ್ನುವ ನಮ್ಮ ಹುಚ್ಚೆಳ್ಳು. ಅಮೆರಿಕದ ಗೋಲ್ಡ್‌ಫಿಂಚ್‌ಗಳಿಗೆ ಅದೆಂದರೆ ಪ್ರಾಣವಂತೆ. ಇಥಿಯೋಪಿಯದಿಂದ, ಭಾರತದಿಂದ ಹಡಗಿನಲ್ಲಿ ಹೋಗುತ್ತದೆ. ಅಲ್ಲಿಳಿಯುವ ಮುಂಚೆ ಅದನ್ನು ಚೆನ್ನಾಗಿ ಕಾಯಿಸಬೇಕು, ಜೊತೆಗೆ ನುಸುಳಿದ ಕಳೆಬೀಜ ಆ ನೆಲದಲ್ಲಿ ಮೊಳೆಯಬಾರದು ಅಂತ. ಹುಚ್ಚೆಳ್ಳಿಗೂ ವೀಸಾಕ್ಕೆ ಅಗ್ನಿಪರೀಕ್ಷೆ. ಇಷ್ಟೆಲ್ಲ ಆಗಿ, ನಮ್ಮ ಹೊಲದ ಕಾಳನ್ನು ನಮ್ಮ ನಾಡಿನ ಹಕ್ಕಿ ಏಳು ಸಮುದ್ರದಾಚೆ ನನ್ನ ಮಗಳ ಕೈಯಿಂದ ತಿನ್ನುತ್ತಿದೆ, ನಾನು ಇಲ್ಲಿ ಮೊಳಕೆ ಬಂದ ಕೊಳವೆ ಹಿಡಿದು ನಿಂತಿದ್ದೇನೆ.

"ಎರಡು ವಾರಕ್ಕೊಮ್ಮೆ ಫೀಡರ್ ತೊಳೀರಿ ಅಪ್ಪ" ಅಂದಳು. ಅಮೆರಿಕದಲ್ಲಿ 1994ರಿಂದ ಹೌಸ್ ಫಿಂಚ್‌ಗಳಿಗೆ ಕಣ್ಣು ಊದಿ ಕುರುಡಾಗುವ ರೋಗ ಹಬ್ಬಿದೆಯಂತೆ. ಗಲೀಜು ಫೀಡರಿನಲ್ಲಿ ಒಬ್ಬರ ಎಂಜಲು ಒಬ್ಬರಿಗೆ ತಗಲುವುದೇ ಅದರ ದಾರಿ. ಹುಡುಗಿ ಚಿಕ್ಕವಳಿದ್ದಾಗ ತಟ್ಟೆ ತೊಳೆ ಅಂತ ಎಷ್ಟು ಕೂಗಿದರೂ ಏಳದವಳು.

ಫೀಡರ್ ತೊಳೆದೆ, ಹುಚ್ಚೆಳ್ಳು ತರಿಸಿದೆ. ಬಂದವು, ನೋಡಿದವು, ಹುಲ್ಲು ತಿಂದವು. ಹೆಂಡತಿ ಆ ಹುಚ್ಚೆಳ್ಳನ್ನು ಹುರಿದು ಒಣಮೆಣಸು, ಬೆಳ್ಳುಳ್ಳಿ ಹಾಕಿ ಪುಡಿ ಮಾಡಿದಳು. ಅಕ್ಕಿರೊಟ್ಟಿಗೆ ಬಹಳ ಚೆನ್ನಾಗಿರುತ್ತದೆ ಎಂಬುದು ಈ ಇಡೀ ಪ್ರಯೋಗದ ಏಕೈಕ ಫಲಿತಾಂಶವಾಗಿ ನನ್ನ ಪುಸ್ತಕದಲ್ಲಿ ದಾಖಲಾಗಿದೆ. ಕೊಳವೆಯನ್ನು ತೊಳೆದು ಅಟ್ಟಕ್ಕೆ ಹಾಕಿದೆ. ಮಾಡಿನ ಅಂಚಿನಲ್ಲಿ ಅದರ ಕೊಕ್ಕೆ ಮಾತ್ರ ಉಳಿಯಿತು.

ಪುತ್ತರಿ ಬಂತು. ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪನ ಸನ್ನಿಧಿಯಲ್ಲಿ ದಿನ, ಗಳಿಗೆ ಗೊತ್ತು ಮಾಡಿದರು. ಕದಿರು ತೆಗೆಯುವ ಮುಹೂರ್ತ ರಾತ್ರಿಗೆ. ಹೊಸ ಅಕ್ಕಿಯ ಹಬ್ಬಕ್ಕೆ ನಮ್ಮಲ್ಲಿ ಹೊಸ ಅಕ್ಕಿಯೇ ಇಲ್ಲ. ಹೋದ ಕೆಲವು ವರ್ಷಗಳಿಂದ ನಾವು ಕದಿರು ತೆಗೆಯಲು ಸೇರುವುದು ನಮ್ಮ ಮನೆತನದ ಐನ್‌ಮನೆಯ ಪಕ್ಕದ ಒಂದೇ ಒಂದು ಮಡಿಯಲ್ಲಿ. ಇದಕ್ಕೆಂದೇ ದಾಯಾದಿಯೊಬ್ಬರು ಅದನ್ನು ಉಳಿಸಿಕೊಂಡಿದ್ದಾರೆ. ಬೆಳದಿಂಗಳಿನಲ್ಲಿ ಸಾಲಾಗಿ ಇಳಿದೆವು, ಅರ್ಧ ಜನ ಫೋನಿನ ಬೆಳಕಿನಲ್ಲಿ. ಹಿರಿಯರು ಕುಡುಗೋಲು ಹಾಕಿದ ಕೂಡಲೇ ಕೋವಿ ಹಾರಿತು, 'ಪೊಲಿ' ಕೂಗು ಎದ್ದಿತು. ಎಷ್ಟೋ ರಾಟವಾಳಗಳು ಆ ಸದ್ದಿಗೆ ಗೂಡಿನಲ್ಲಿ ಬೆಚ್ಚಿ ಮಗ್ಗುಲಾಗಿರಬೇಕು. ನಮ್ಮ ಪಾಲಿನ ಕದಿರನ್ನು ತಲೆಯ ಮೇಲೆ ಹೊತ್ತು ತಂದೆವು. ಹೆಂಡತಿ ಸೊಪ್ಪಿನೊಡನೆ ಕಟ್ಟಿ ದೇವರ ದೀಪಕ್ಕೆ, ಬಾಗಿಲಿಗೆ, ಕಣಜಕ್ಕೆ (ಅದು ಬರಿದು, ಆದರೂ), ಕಾರಿಗೆ ಸಿಕ್ಕಿಸಿದಳು. ಒಂದು ಹಿಡಿ ಮಿಕ್ಕಿತು. ಸುತ್ತ ನೋಡಿ, ಮಾಡಿನ ಅಂಚಿನ ಖಾಲಿ ಕೊಕ್ಕೆಗೆ ತಲೆಕೆಳಗಾಗಿ ತೂಗಿಬಿಟ್ಟಳು.

ಬೆಳಿಗ್ಗೆ ತಂಬಿಟ್ಟು ತಿಂದ ಭಾರದಲ್ಲಿ ಜಗುಲಿಗೆ ಬಂದು ಕೂತೆ. ಸ್ಟೀಲ್ ಲೋಟದಲ್ಲಿ ಕಾಫಿ, ಪಕ್ಕದಲ್ಲಿ ತಟ್ಟೆ. ಇಬ್ಬನಿ ಇನ್ನೂ ಗದ್ದೆಯ ಮೇಲೆ ಮಲಗಿತ್ತು. ಪತ್ರಿಕೆ ಮಡಚಿ ತಲೆ ಎತ್ತಿದರೆ ಕದಿರಿನ ಗೊಂಚಲು ಗಾಳಿಯಿಲ್ಲದೆ ಆಡುತ್ತಿದೆ. ಒಂದು, ಎರಡು, ಐದು, ಒಂಬತ್ತು. ಚುಕ್ಕೆಯವು ಆರು, ಬಿಳಿ ಬೆನ್ನಿನವು ಎರಡು, ಮತ್ತು ಹೌದು, ಕಪ್ಪು ಗಂಟಲಿನದು ಒಂದು. ನಾಲ್ಕು ಮಾರು ದೂರ ಇಲ್ಲ. ತೆನೆಯ ತುದಿಗೆ ಜೋತುಬಿದ್ದು, ಭಾರಕ್ಕೆ ಬಾಗಿ, ತೂಗಿ, ಕಟುಕುಟು ಅಂತ ಭತ್ತ ಸುಲಿಯುವ ಸದ್ದು ಕೂಡ ಕೇಳುತ್ತಿದೆ. ಸಿಪ್ಪೆ ನನ್ನ ಪತ್ರಿಕೆಯ ಮೇಲೇ ಬೀಳುತ್ತಿದೆ.

ಹೇಗೆ ಆಯಿತು ಅಂತ ಈಗಲೂ ಹೇಳಲಾರೆ. ಹೊಸ ಭತ್ತ, ಹಕ್ಕಿ, ಚಳಿಯ ಬೆಳಿಗ್ಗೆ, ಕೈಗೆ ಸಿಕ್ಕ ಲೋಹ. ತಲೆ ಹೇಳುವ ಮುಂಚೆ ಲೋಟದಿಂದ ತಟ್ಟೆಗೆ ಎರಡು ಏಟು ಬಿತ್ತು, ಒಂದು ತಡೆ, ಆಮೇಲೆ ಐವತ್ತೈದು ವರ್ಷದಿಂದ ಹೊಟ್ಟೆಯಲ್ಲಿ ಕೂತಿದ್ದ "ಹೋ…" ಎದ್ದು ಬಂತು.

ಒಂಬತ್ತೂ ಒಂದೇ ಕರ್ಚೀಫಿನ ಹಾಗೆ ಎದ್ದು, ಮಡಿಚಿಕೊಂಡು, ಬೇಲಿ ದಾಟಿದವು.

ಅಡುಗೆಮನೆಯ ಬಾಗಿಲಿನಲ್ಲಿ ಹೆಂಡತಿ ಸೌಟು ಹಿಡಿದು ನಿಂತಿದ್ದಳು. ಏನೂ ಅನ್ನಲಿಲ್ಲ. ತೊಡೆಯ ಮೇಲೆ ಚೆಲ್ಲಿದ ಕಾಫಿ ಬಿಸಿಯಾಗಿತ್ತು. ಕೊಕ್ಕೆಯಲ್ಲಿ ಕದಿರು ಇನ್ನೂ ತೂಗುತ್ತಲೇ ಇತ್ತು.

"ತಾಳ ಸರಿಯಾಗಿದೆ" ಅಂದಳು ಕೊನೆಗೆ, ಒಳಗೆ ಹೋಗುತ್ತಾ.

ಬೇಲಿಯಾಚೆ, ಈಜುಕೊಳದ ಅಂಚಿನ ಹುಲ್ಲಿನಲ್ಲಿ, ಯಾವುದೋ ಒಂದು ಕೊಕ್ಕು ಆಡಿಸುತ್ತಿತ್ತು.